ಮರಳು ಮಣ್ಣಿಗೆ ಸಿಮೆಂಟ್ ಬೆರೆಸಿ ಗಟ್ಟಿ ಮಾಡುವುದು ಹೇಗೆ: ಮಲೆನಾಡಿನ ತೋಟದ ದಾರಿ, ಅಂಗಳಕ್ಕೆ ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೊಳೆ ಬದಿಯ ತೋಟ ಇರುವವರಿಗೆ ಈ ಕಷ್ಟ ಗೊತ್ತು. ದಾರಿಯ ಮಣ್ಣಲ್ಲಿ ಮರಳೇ ಜಾಸ್ತಿ. ಬೇಸಿಗೆಯಲ್ಲಿ ಪಿಕಪ್ ಗಾಡಿಯ ಚಕ್ರ ಹೂತುಕೊಳ್ಳುತ್ತದೆ, ಮಳೆಗಾಲದಲ್ಲಿ ದಾರಿಯೇ ಕೊಚ್ಚಿಕೊಂಡು ಹೋಗುತ್ತದೆ. ಸಿಮೆಂಟ್ ಬೆರೆಸಿದರೆ ಗಟ್ಟಿಯಾಗುತ್ತದೆ ಅಂತ ಕೇಳಿ ತುಂಬಾ ಜನ ಮಾಡಿ ನೋಡಿದ್ದಾರೆ. ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂದಿದೆ.

ಹೆಚ್ಚಿನವರು ಮಾಡುವುದು ಇಷ್ಟೇ: ಮಣ್ಣಿನ ಮೇಲೆ ಸಿಮೆಂಟ್ ಚೆಲ್ಲುತ್ತಾರೆ, ಪೈಪ್ ಹಿಡಿದು ನೀರು ಬಿಡುತ್ತಾರೆ, ಮಾರನೇ ದಿನ ಟ್ರ್ಯಾಕ್ಟರ್ ಓಡಿಸುತ್ತಾರೆ. ಕಿತ್ತು ಬಂದಾಗ "ಇನ್ನೆರಡು ಮೂಟೆ ಜಾಸ್ತಿ ಹಾಕಬೇಕಿತ್ತು" ಅನ್ನುತ್ತಾರೆ. ಆದರೆ ಕಮ್ಮಿಯಾದದ್ದು ಸಿಮೆಂಟ್ ಅಲ್ಲ. ಬೆರೆಸಿದ ಕ್ರಮ ತಪ್ಪು, ನೀರಿನ ಅಳತೆ ತಪ್ಪು, ದಮ್ಮಸು ಮಾಡಿದ (ಒತ್ತಿ, ಗುದ್ದಿ ಕೂರಿಸಿದ) ಹೊತ್ತು ತಪ್ಪು. ಈ ಮೂರು ಸರಿ ಇದ್ದರೆ ಹೆಚ್ಚಿನ ಕಡೆ ಮಣ್ಣಿನ ತೂಕದ 7 ಪರ್ಸೆಂಟ್ ಸಿಮೆಂಟ್ ಸಾಕು. ಇವು ತಪ್ಪಿದರೆ 15 ಪರ್ಸೆಂಟ್ ಹಾಕಿದರೂ ನಿಲ್ಲುವುದಿಲ್ಲ.

## ಶುರು ಮಾಡುವ ಮುಂಚೆ: ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ

ತೋಟದ ದಾರಿ, ಅಡಿಕೆ ಒಣಗಿಸುವ ಅಂಗಳದ ತಳ, ಕೊಟ್ಟಿಗೆ ಅಥವಾ ಗೋದಾಮಿನ ನೆಲದ ತಳ, ಇಂಟರ್‌ಲಾಕ್ ಇಟ್ಟಿಗೆ ಹಾಸುವ ಜಾಗ. ಇವಕ್ಕೆ ಈ ವಿಧಾನ ಚೆನ್ನಾಗಿ ಹೊಂದುತ್ತದೆ.

ಮನೆಯ ಪಾಯಕ್ಕೆ ಇದನ್ನು ನಂಬಬೇಡಿ. ಮರಳು ನೆಲದಲ್ಲಿ ಪಾಯ ಹಾಕುವುದಿದ್ದರೆ ಎಂಜಿನಿಯರ್ ಕರೆಸಿ ಮಣ್ಣು ಪರೀಕ್ಷೆ ಮಾಡಿಸಲೇಬೇಕು. ಕುಸಿಯುತ್ತಿರುವ ಧರೆಯನ್ನು (ಗುಡ್ಡ ಕಡಿದ ಮಣ್ಣಿನ ಗೋಡೆಯನ್ನು) ನಿಲ್ಲಿಸಲೂ ಇದು ಆಗುವುದಿಲ್ಲ. ವರ್ಷಪೂರ್ತಿ ಒರತೆ ಬರುವ ಜಾಗದಲ್ಲಿ ಮೊದಲು ನೀರು ಬಸಿದು ಹೋಗುವ ಹಾಗೆ ಮಾಡಿ, ಆಮೇಲೆ ಮಣ್ಣಿನ ಮಾತು.

ಇನ್ನೊಂದು ವಿಷಯ. ನಾವು ಇಲ್ಲಿ ಗಟ್ಟಿ ಮಾಡುವುದು ನಮ್ಮ ಜಾಗದಲ್ಲಿ ಇರುವ ಮಣ್ಣನ್ನು. ಹೊಳೆಯಿಂದ ಮರಳು ತಂದು ಸುರಿಯುವ ಕೆಲಸ ಇದಲ್ಲ. ಪರವಾನಗಿ ಇಲ್ಲದೆ ಹೊಳೆ ಮರಳು ತೆಗೆಯುವುದು ಅಪರಾಧ.

## ಹಂತ 1: ಮಣ್ಣು ಎಂಥದ್ದು ಅಂತ ತಿಳಿಯುವುದು

ದಾರಿಯ ಉದ್ದಕ್ಕೂ ಮೂರು ನಾಲ್ಕು ಕಡೆ ಎರಡು ಅಡಿ ಆಳದ ಗುಂಡಿ ತೋಡಿ. ಮೇಲಿನ ಕಪ್ಪು ಮಣ್ಣು ಬಿಟ್ಟು ಕೆಳಗಿನದನ್ನು ತೆಗೆದುಕೊಳ್ಳಿ. ಗುಂಡಿಯಲ್ಲಿ ನೀರು ಜಿನುಗುತ್ತದೆಯಾ ಅಂತ ಮಾರನೇ ದಿನ ಬೆಳಿಗ್ಗೆ ನೋಡಿ. ಜಿನುಗಿದರೆ ಮೊದಲು ಬಸಿಗಾಲುವೆ.

ಬಾಟಲಿ ಪರೀಕ್ಷೆ. ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿಸಿ, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದೊಳಗೆ ತಳ ಸೇರುವುದು ಮರಳು. ಅಲ್ಲಿಗೆ ಪೆನ್ನಿನಿಂದ ಗೆರೆ ಎಳೆಯಿರಿ. ಮಾರನೇ ದಿನ ಒಟ್ಟು ಎತ್ತರ ನೋಡಿ. ಮುಕ್ಕಾಲು ಪಾಲಿಗಿಂತ ಜಾಸ್ತಿ ಮರಳಿದ್ದರೆ ಈ ಮಾರ್ಗದರ್ಶಿ ನಿಮಗೇ.

ದಾರ ಹೊಸೆಯುವ ಪರೀಕ್ಷೆ. ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆಯಿರಿ. 3 ಮಿ.ಮೀ. ದಪ್ಪದ ದಾರ ಮುರಿಯದೆ ಬಂದರೆ ಅದರಲ್ಲಿ ಜೇಡಿ ಇದೆ. ಜೇಡಿ ಜಾಸ್ತಿ ಇದ್ದರೆ ಸಿಮೆಂಟಿಗಿಂತ ಸುಣ್ಣ ಒಳ್ಳೆಯದು. ದಾರವೇ ಬರದೆ ಉದುರಿ ಹೋದರೆ ಅದು ಮರಳು ಮಣ್ಣು, ಸಿಮೆಂಟಿಗೆ ಹೇಳಿ ಮಾಡಿಸಿದ್ದು. ಬರೀ ಮರಳಿಗೆ ಬರೀ ಸುಣ್ಣ ಹಾಕಿ ಪ್ರಯೋಜನವಿಲ್ಲ. ಸುಣ್ಣಕ್ಕೆ ಕೂಡಿಕೊಳ್ಳಲು ಜೇಡಿಯೋ ಹಾರುಬೂದಿಯೋ (ಕಲ್ಲಿದ್ದಲು ಉರಿದ ನುಣ್ಣನೆಯ ಬೂದಿ) ಬೇಕು.

ಕೊಳೆತ ಸೊಪ್ಪಿನ ಅಂಶ. ಮಲೆನಾಡಿನಲ್ಲಿ ಕೆಲಸ ಕೆಡುವುದಕ್ಕೆ ಇದು ದೊಡ್ಡ ಕಾರಣ. ದರಗು, ಗೊಬ್ಬರ, ಬೇರು ಕೊಳೆತು ಮಣ್ಣಿಗೆ ಸೇರಿದ್ದರೆ ಅದರ ಆಮ್ಲ ಸಿಮೆಂಟನ್ನು ಸೆಟ್ ಆಗಲು ಬಿಡುವುದಿಲ್ಲ. ಮಣ್ಣಿನಲ್ಲಿ 2 ಪರ್ಸೆಂಟಿಗಿಂತ ಜಾಸ್ತಿ ಇಂಥ ಅಂಶ ಇದ್ದರೆ ಸಿಮೆಂಟ್ ವ್ಯರ್ಥ. ಪರೀಕ್ಷೆಗೆ 3 ಪರ್ಸೆಂಟ್ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಮಣ್ಣು ಕುಲುಕಿ 24 ಗಂಟೆ ಇಡಬೇಕು. ಮೇಲಿನ ನೀರು ತಿಳಿಯಾಗಿ ಅಥವಾ ತೆಳು ಹಳದಿಯಾಗಿ ಉಳಿದರೆ ಸರಿ. ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಆ ಮಣ್ಣು ಬೇಡ. ಕಾಸ್ಟಿಕ್ ಸೋಡಾ ಚರ್ಮ ಸುಡುತ್ತದೆ. ಗ್ಲೌಸ್, ಕನ್ನಡಕ ಇಲ್ಲದೆ ಮುಟ್ಟಬೇಡಿ, ಮಕ್ಕಳಿಂದ ದೂರ ಇಡಿ.

ಕೆಲಸ ದೊಡ್ಡದಿದ್ದರೆ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲೋ ಖಾಸಗಿ ಲ್ಯಾಬಿನಲ್ಲೋ ಕೇಳಿ ಪ್ರಾಕ್ಟರ್ ಪರೀಕ್ಷೆ ಮಾಡಿಸಿ. ಮಣ್ಣು ಎಷ್ಟು ನೀರಿನಲ್ಲಿ ಅತಿ ಗಟ್ಟಿಯಾಗಿ ಕೂರುತ್ತದೆ ಅಂತ ಅದು ಹೇಳುತ್ತದೆ. ಮಣ್ಣು ಪರೀಕ್ಷೆಯ ಭಾರತೀಯ ಮಾನಕವಾದ ಐಎಸ್ 2720ರ 7ನೇ ಮತ್ತು 8ನೇ ಭಾಗದಲ್ಲಿ ಈ ಪರೀಕ್ಷೆಯ ವಿಧಾನ ಇದೆ.

## ಹಂತ 2: ಏನೇನು ಬೆರೆಸಬೇಕು

ಮರಳಿನ ಕಣಗಳ ನಡುವೆ ಖಾಲಿ ಜಾಗ ಇರುತ್ತದೆ. ಕಣಗಳೆಲ್ಲ ಒಂದೇ ಗಾತ್ರದವಾದರೆ ಆ ಜಾಗ ಇನ್ನೂ ಜಾಸ್ತಿ. ಅದನ್ನೆಲ್ಲ ಸಿಮೆಂಟಿನಿಂದಲೇ ತುಂಬಲು ಹೋದರೆ ಖರ್ಚು ಏರುತ್ತದೆ, ಒಣಗುವಾಗ ಬಿರುಕೂ ಬಿಡುತ್ತದೆ. ಅದಕ್ಕೇ ಬೇರೆ ನುಣ್ಣನೆಯ ಪುಡಿಗಳು ಬೇಕು.

ಕ್ರಷರ್ ಡಸ್ಟ್ (ಜಲ್ಲಿ ಕ್ರಷರಿನ ಕಲ್ಲುಪುಡಿ) ಅಥವಾ ಕೆಮ್ಮಣ್ಣು. ಮೊದಲು ಯೋಚಿಸಬೇಕಾದದ್ದು ಇದು. ಮರಳು ಒಂದೇ ಗಾತ್ರದ್ದಾಗಿದ್ದರೆ 20 ಪರ್ಸೆಂಟ್‌ನಷ್ಟು ಡಸ್ಟ್, ಇಲ್ಲವೇ ಸೊಪ್ಪು ಬೇರು ಇಲ್ಲದ ಕೆಮ್ಮಣ್ಣು ಬೆರೆಸಿ. ಅಷ್ಟಕ್ಕೇ ಮಣ್ಣು ರೋಲರ್ ಕೆಳಗೆ ಜಾರದೆ ಕೂರಲು ಶುರುಮಾಡುತ್ತದೆ. ಇದನ್ನು ಬಿಟ್ಟು ದುಬಾರಿ ಪುಡಿಗಳ ಹಿಂದೆ ಹೋಗುವವರೇ ಜಾಸ್ತಿ.

ಸಿಮೆಂಟ್. ಸ್ವಲ್ಪ ಜೇಡಿ, ಸ್ವಲ್ಪ ನೊರಜು (ಸಣ್ಣ ಕಲ್ಲು) ಸೇರಿದ ಮರಳು ಮಣ್ಣಿಗೆ ಒಣ ಮಣ್ಣಿನ ತೂಕದ 5ರಿಂದ 7 ಪರ್ಸೆಂಟ್. ಸ್ವಚ್ಛ ಹೊಳೆ ಮರಳಿನಂಥ ಮಣ್ಣಿಗೆ 7ರಿಂದ 11. ಬೇರೆ ಪುಡಿ ಸೇರಿಸುವುದಿದ್ದರೆ 43 ಗ್ರೇಡ್ ಒಪಿಸಿ (ಬೂದಿ ಬೆರೆಸದ ಸಾದಾ ಸಿಮೆಂಟ್) ತೆಗೆದುಕೊಳ್ಳಿ. ಪಿಪಿಸಿ ಸಿಮೆಂಟಿನಲ್ಲಿ ಆಗಲೇ 15ರಿಂದ 35 ಪರ್ಸೆಂಟ್ ಹಾರುಬೂದಿ ಇರುತ್ತದೆ. ಅದರ ಮೇಲೆ ಮತ್ತೆ ಹಾರುಬೂದಿ ಸುರಿದರೆ ಗಟ್ಟಿಯಾಗಲು ತುಂಬಾ ದಿನ ಹಿಡಿಯುತ್ತದೆ. ಬರೀ ಪಿಪಿಸಿ ಮಾತ್ರ ಹಾಕಿ ಮಾಡಿದರೂ ಕೆಲಸ ಆಗುತ್ತದೆ. ಸಣ್ಣ ಕೆಲಸಕ್ಕೆ ನಾನು ಹೇಳುವುದು ಅದನ್ನೇ.

ಹಾರುಬೂದಿ. ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಂದ ಬರುವ ಬೂದಿ. ನಮ್ಮ ರಾಜ್ಯದಲ್ಲಿ ರಾಯಚೂರು, ಬಳ್ಳಾರಿ ಕಡೆ ಇಂಥ ಸ್ಥಾವರಗಳಿವೆ. 10ರಿಂದ 15 ಪರ್ಸೆಂಟ್ ಹಾಕಿದರೆ ಕಣಗಳ ನಡುವಿನ ಜಾಗ ತುಂಬುತ್ತದೆ. ಸಿಮೆಂಟ್ ನೀರು ಕುಡಿದಾಗ ಹೊರಬರುವ ಸುಣ್ಣದ ಜೊತೆ ನಿಧಾನವಾಗಿ ಕೂಡಿಕೊಂಡು ತಿಂಗಳುಗಟ್ಟಲೆ ಬಲ ಕೊಡುತ್ತಾ ಹೋಗುತ್ತದೆ. ಒಣ ಬೂದಿಯೇ ಬೇಕು. ಕೆರೆಗೆ ಬಿಟ್ಟು ತೆಗೆದ ಒದ್ದೆ ಬೂದಿ ಈ ಕೆಲಸಕ್ಕೆ ಅಷ್ಟು ಒಳ್ಳೆಯದಲ್ಲ.

ಜಿಜಿಬಿಎಸ್. ಕಬ್ಬಿಣದ ಊದುಕುಲುಮೆಯ ಸ್ಲಾಗನ್ನು ನೀರಲ್ಲಿ ಥಟ್ಟನೆ ತಣಿಸಿ ಸಿಮೆಂಟಿನಷ್ಟು ನುಣ್ಣಗೆ ಅರೆದ ಪುಡಿ. ಸಿಮೆಂಟಿನ ಅರ್ಧದಷ್ಟರ ಬದಲಿಗೆ ಇದನ್ನು ಹಾಕಬಹುದು. ಆದರೆ ಕ್ಯೂರಿಂಗ್ (ಒಣಗದಂತೆ ತೇವವಾಗಿ ಇಡುವುದು) ಜಾಸ್ತಿ ದಿನ ಬೇಕು. ಉಕ್ಕು ಮಾಡುವಾಗ ಬರುವ ಸ್ಲಾಗ್ ಬೇರೆಯದೇ ಸಾಮಾನು. ಅದರೊಳಗೆ ಉಳಿದ ಸುಣ್ಣ ನೀರು ತಾಗಿದಾಗ ಊದಿಕೊಂಡು ನೆಲವನ್ನೇ ಎತ್ತುತ್ತದೆ. "ಸ್ಲಾಗ್ ಅಗ್ಗಕ್ಕೆ ಸಿಗುತ್ತದೆ" ಅಂತ ಯಾರಾದರೂ ಹೇಳಿದರೆ ಯಾವ ಸ್ಲಾಗ್ ಅಂತ ಮೊದಲು ಕೇಳಿ.

ಭತ್ತದ ಹೊಟ್ಟಿನ ಬೂದಿ. ಅಕ್ಕಿ ಗಿರಣಿಗಳಲ್ಲಿ ಸಿಗುತ್ತದೆ. ಹದವಾದ ಉರಿಯಲ್ಲಿ ಸುಟ್ಟು ಬೂದು ಬಣ್ಣಕ್ಕೆ ಬಂದಿರುವುದು ಒಳ್ಳೆಯದು. ಕಪ್ಪಗಿದ್ದರೆ ಸರಿಯಾಗಿ ಉರಿದಿಲ್ಲ ಅಂತ ಅರ್ಥ, ಅದು ನೀರನ್ನೆಲ್ಲ ಹೀರಿಕೊಳ್ಳುತ್ತದೆ. ಜರಡಿ ಹಿಡಿದು, 5 ಪರ್ಸೆಂಟ್ ಒಳಗೆ ಬಳಸಿ. ಮನೆಯ ಒಲೆ ಬೂದಿ, ಬಚ್ಚಲ ಒಲೆಯ ಬೂದಿ ಇದರ ಬದಲಿಗೆ ಆಗುವುದಿಲ್ಲ.

## ಹಂತ 3: ಮಾದರಿ ಮಾಡಿ ನೋಡುವುದು

ಈ ಹಂತ ಬಿಟ್ಟರೆ ಮುಂದಿನದೆಲ್ಲ ಅಂದಾಜು. 4 ಇಂಚಿನ ಪಿವಿಸಿ ಪೈಪನ್ನು 20 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಉದ್ದಕ್ಕೆ ಒಂದು ಸೀಳು ಹಾಕಿ, ತಂತಿಯಿಂದ ಬಿಗಿದು ಅಚ್ಚು ಮಾಡಿಕೊಳ್ಳಿ. 5, 7, 9 ಪರ್ಸೆಂಟ್ ಸಿಮೆಂಟಿನ ಮೂರು ಮಿಶ್ರಣ ಮಾಡಿ. ಒಂದೊಂದಕ್ಕೂ ಎರಡೆರಡು ಅಚ್ಚು. ಐದು ಪದರವಾಗಿ ಹಾಕಿ, ಪ್ರತಿ ಪದರಕ್ಕೂ ಒಂದೇ ಸಮನೆ ಗುದ್ದಿ. ತಂತಿ ಬಿಚ್ಚಿ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ 7 ದಿನ ನೆರಳಿನಲ್ಲಿ ಇಡಿ.

ಆಮೇಲೆ ಒಂದೊಂದನ್ನು ಒಂದು ಇಡೀ ದಿನ ನೀರಿನಲ್ಲಿ ಮುಳುಗಿಸಿ. ಅಂಚು ಕರಗಿ ತಳದಲ್ಲಿ ಮರಳು ಸೇರಿದರೆ ಆ ಪ್ರಮಾಣ ಸಾಲದು. ಮೊಳೆಯಿಂದ ಗೀರಿದರೆ ಗೆರೆ ಮಾತ್ರ ಬಿದ್ದು ಪುಡಿ ಉದುರದಿದ್ದರೆ ಒಳ್ಳೆಯದು. ಇನ್ನೊಂದನ್ನು ಲ್ಯಾಬಿನಲ್ಲಿ ಒತ್ತಿಸಬಹುದು. ಗಾಡಿ ಓಡುವ ದಾರಿಯ ತಳಕ್ಕೆ 7 ದಿನದಲ್ಲಿ ಸುಮಾರು 1.7 ಮೆಗಾಪ್ಯಾಸ್ಕಲ್ (ಲ್ಯಾಬ್ ವರದಿಯಲ್ಲಿ ಬರುವ ಬಲದ ಅಳತೆ) ಬಲ ಬಂದರೆ ಧೈರ್ಯವಾಗಿ ಮುಂದುವರಿಯಿರಿ. ಪಾಸಾದ ಮಾದರಿಗಳಲ್ಲಿ ಅತಿ ಕಮ್ಮಿ ಸಿಮೆಂಟಿನದನ್ನು ಆರಿಸಿ, ಅದರ ಮೇಲೆ 1 ಪರ್ಸೆಂಟ್ ಸೇರಿಸಿ. ಕೈಯಲ್ಲಿ ಬೆರೆಸುವಾಗ ಎಲ್ಲ ಕಡೆ ಒಂದೇ ಸಮ ಬರುವುದಿಲ್ಲ, ಅದಕ್ಕೆ ಈ ಒಂದು ಪರ್ಸೆಂಟ್.

## ಹಂತ 4: ಲೆಕ್ಕ

ಸಿಮೆಂಟನ್ನು ಬುಟ್ಟಿ ಲೆಕ್ಕದಲ್ಲಿ ಹಾಕಬೇಡಿ, ತೂಕದ ಲೆಕ್ಕ ಹಿಡಿಯಿರಿ. ಗಟ್ಟಿಯಾಗಿ ಕೂತ ಮರಳು ಮಣ್ಣು ಒಂದು ಘನ ಮೀಟರಿಗೆ ಸುಮಾರು 1,800 ಕೆಜಿ (ಒಣ ತೂಕ) ಅಂತ ಇಟ್ಟುಕೊಳ್ಳಿ. 15 ಸೆಂ.ಮೀ. ದಪ್ಪದ ಪದರಕ್ಕೆ ಒಂದು ಚದರ ಮೀಟರಿನಲ್ಲಿ 270 ಕೆಜಿ ಮಣ್ಣು. ಅದರ 7 ಪರ್ಸೆಂಟ್ ಅಂದರೆ ಹತ್ತಿರ ಹತ್ತಿರ 19 ಕೆಜಿ ಸಿಮೆಂಟ್. 50 ಕೆಜಿಯ ಒಂದು ಮೂಟೆ ಸುಮಾರು 2.65 ಚದರ ಮೀಟರಿಗೆ ಬರುತ್ತದೆ.

ದಾರಿ 3 ಮೀಟರ್ ಅಗಲ ಇದ್ದರೆ 88 ಸೆಂ.ಮೀ.ಗೆ ಒಂದು ಮೂಟೆ. ಹಗ್ಗಕ್ಕೆ 88 ಸೆಂ.ಮೀ.ಗೊಂದು ಗಂಟು ಹಾಕಿ ದಾರಿಯ ಬದಿಗೆ ಎಳೆದು ಕಟ್ಟಿ, ಗಂಟಿಗೊಂದು ಮೂಟೆ ಇಳಿಸಿ. ಆಮೇಲೆ ಯಾರೂ ಎಣಿಸಬೇಕಾಗಿಲ್ಲ, ತಪ್ಪೂ ಆಗುವುದಿಲ್ಲ. ಹಾರುಬೂದಿ 10 ಪರ್ಸೆಂಟ್ ಹಾಕುವುದಿದ್ದರೆ ಚದರ ಮೀಟರಿಗೆ 27 ಕೆಜಿ.

ಪಿಕಪ್, ಟ್ರ್ಯಾಕ್ಟರ್ ಓಡುವ ದಾರಿಗೆ 15 ಸೆಂ.ಮೀ.ಗಿಂತ ಕಮ್ಮಿ ದಪ್ಪ ಬೇಡ. ಅಂಗಳಕ್ಕೆ 10 ಸೆಂ.ಮೀ. ಸಾಕು.

## ಹಂತ 5: ಯಾವ ತಿಂಗಳು, ಏನು ಸಾಮಾನು, ಎಷ್ಟು ಆಳು

ಅಡಿಕೆ ಕೊಯ್ಲು ಮುಗಿದ ಮೇಲೆ, ಫೆಬ್ರವರಿ ಮತ್ತು ಮಾರ್ಚ್ ಸರಿಯಾದ ಕಾಲ. ಡಿಸೆಂಬರ್‌ವರೆಗೆ ತಗ್ಗಿನ ತೋಟಗಳ ಮಣ್ಣಿನಲ್ಲಿ ತೇವ ಜಾಸ್ತಿ. ಏಪ್ರಿಲ್ ದಾಟಿದರೆ ಸಂಜೆ ಗುಡುಗು ಮಳೆಯ ಭಯ. ಆಗುಂಬೆ ಸುತ್ತಮುತ್ತ ಇರುವವರು ಮಾರ್ಚ್ ಒಳಗೆ ಮುಗಿಸುವುದು ಒಳ್ಳೆಯದು.

ಪವರ್ ಟಿಲ್ಲರ್ ಇದ್ದರೆ ಅರ್ಧ ಕೆಲಸ ಹಗುರ. ಅದರ ರೋಟರಿ 15 ಸೆಂ.ಮೀ. ಆಳದವರೆಗೆ ಚೆನ್ನಾಗಿ ಬೆರೆಸುತ್ತದೆ. ಜೊತೆಗೆ ಬೇಕಾದವು: ಒಂದು ಟನ್ನಿನ ರೋಲರ್ ಅಥವಾ ಪ್ಲೇಟ್ ಕಂಪ್ಯಾಕ್ಟರ್ ಬಾಡಿಗೆಗೆ, ಗುದ್ದಲಿ, ಪಿಕಾಸಿ, ಬಾಂಡ್ಲಿ, ಹಲ್ಲುಹರಿ (ರೇಕ್), ಉದ್ದನೆಯ ನೇರ ಪಟ್ಟಿ, ಮಟ್ಟದ ಪೈಪ್, 200 ಲೀಟರ್ ಡ್ರಮ್, ಗಿಡಕ್ಕೆ ನೀರು ಹಾಕುವ ತೂತಿನ ಕ್ಯಾನ್, ತಕ್ಕಡಿ, ಟಾರ್ಪಾಲ್. ಆಳುಗಳಿಗೆ ಗಮ್‌ಬೂಟ್, ರಬ್ಬರ್ ಗ್ಲೌಸ್, ಮಾಸ್ಕ್ ಕೊಡಲೇಬೇಕು. ಒದ್ದೆ ಸಿಮೆಂಟಿನಲ್ಲಿ ಬರಿಗಾಲಲ್ಲಿ ನಿಂತವರ ಕಾಲು ಸಂಜೆಗೆ ಸುಟ್ಟು ಹುಣ್ಣಾಗಿರುತ್ತದೆ. ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಒಂದು ಸಲಕ್ಕೆ ಎಷ್ಟು ಜಾಗ? ನೀರು ಹಾಕಿದ ಹೊತ್ತಿನಿಂದ ಎರಡು ಗಂಟೆಯೊಳಗೆ ದಮ್ಮಸು ಮುಗಿಯುವಷ್ಟು ಮಾತ್ರ. ಕೈಯಲ್ಲಿ ಬೆರೆಸುವುದಾದರೆ 3 ಮೀಟರ್ ಉದ್ದ, 3 ಮೀಟರ್ ಅಗಲ. ಅಷ್ಟಕ್ಕೇ ಎರಡೂಕಾಲು ಟನ್ನಿಗಿಂತ ಜಾಸ್ತಿ ಮಣ್ಣು ತಿರುಗಿಸಬೇಕು, ನೆನಪಿರಲಿ. ಟಿಲ್ಲರ್ ಇದ್ದರೆ 10 ಮೀಟರ್ ಉದ್ದ ಹಿಡಿಯಬಹುದು.

## ಹಂತ 6: ನೆಲ ಸಿದ್ಧ ಮಾಡುವುದು

ಮೇಲಿನ ಕಪ್ಪು ಮಣ್ಣು, ಹುಲ್ಲು, ಬೇರು ಪೂರ್ತಿ ತೆಗೆಯಿರಿ. ಆ ಮಣ್ಣು ಅಡಿಕೆ ಬುಡಕ್ಕೆ ಹೋಗಲಿ. ಕೆಳಗಿನ ನೆಲವನ್ನು ಒಮ್ಮೆ ರೋಲರ್‌ನಿಂದ ಒತ್ತಿ ನೋಡಿ. ಎಲ್ಲಾದರೂ ಮೆತ್ತಗೆ ಅಲುಗಾಡಿದರೆ ಅಲ್ಲಿ ಅಗೆದು ಒಳ್ಳೆ ಗೊಚ್ಚು (ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿ. ತಳವೇ ಮೆತ್ತಗಿದ್ದರೆ ಮೇಲಿನ ಪದರ ಎಷ್ಟೇ ಬಲವಾಗಿದ್ದರೂ ಮುರಿಯುತ್ತದೆ.

ಬೆರೆಸುವ ಮಣ್ಣನ್ನು 19ರಿಂದ 20 ಸೆಂ.ಮೀ. ಸಡಿಲ ದಪ್ಪಕ್ಕೆ ಹರಡಿ. ಅದು ಕೂತಾಗ 15 ಸೆಂ.ಮೀ. ಆಗುತ್ತದೆ. ಹೆಂಟೆ ಒಡೆಯಿರಿ, ದೊಡ್ಡ ಕಲ್ಲು ಆರಿಸಿ. ಡಸ್ಟ್ ಅಥವಾ ಕೆಮ್ಮಣ್ಣು ಸೇರಿಸುವುದಿದ್ದರೆ ಈಗಲೇ ಸೇರಿಸಿ ಬೆರೆಸಿ. ಸಿಮೆಂಟ್ ಬಂದ ಮೇಲೆ ಅದಕ್ಕೆ ಹೊತ್ತಿರುವುದಿಲ್ಲ.

ಈಗ ತೇವ ಅಳೆಯಿರಿ. 500 ಗ್ರಾಂ ಮಣ್ಣನ್ನು ಬಾಣಲೆಯಲ್ಲಿ ಪೂರ್ತಿ ಒಣಗುವವರೆಗೆ ಹುರಿದು ಮತ್ತೆ ತೂಗಿ. 480 ಗ್ರಾಂ ಬಂತು ಅನ್ನಿ. ಹೋದ ನೀರು 20 ಗ್ರಾಂ. ಅದನ್ನು 480ರಿಂದ ಭಾಗಿಸಿದರೆ ತೇವ ಸುಮಾರು 4 ಪರ್ಸೆಂಟ್. ಈ ಅಂಕಿ ಬರೆದಿಟ್ಟುಕೊಳ್ಳಿ, 8ನೇ ಹಂತದಲ್ಲಿ ಬೇಕು.

## ಹಂತ 7: ಒಣಗಿದ್ದಾಗಲೇ ಬೆರೆಸುವುದು

ಗಾಳಿ ಇಲ್ಲದ ಬೆಳಗಿನ ಹೊತ್ತು ನೋಡಿ. ಹಾರುಬೂದಿ ಇದ್ದರೆ ಮೊದಲು ಅದನ್ನು ಹರಡಿ ಒಮ್ಮೆ ಬೆರೆಸಿ. ಆಮೇಲೆ ಗಂಟಿಗೊಂದು ಮೂಟೆ ಬಿಚ್ಚಿ ಹಲ್ಲುಹರಿಯಿಂದ ಸಮನಾಗಿ ಹರಡಿ. ಹರಡಿದ ಕೂಡಲೇ ಟಿಲ್ಲರ್ ಓಡಿಸಿ. ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಒಂದು ಸಲ. ಕೈಯಲ್ಲಾದರೆ ಕನಿಷ್ಠ ಮೂರು ಸಲ ಮಗುಚಬೇಕು.

ಬೆರೆತಿದೆ ಅಂತ ಬಣ್ಣ ನೋಡಿ ಹೇಳುವುದು ಸಾಲದು. ಮೇಲೆ ಬೂದು ಬಣ್ಣ ಕಂಡರೂ ತಳದ ನಾಲ್ಕು ಬೆರಳು ಬರೀ ಮರಳೇ ಉಳಿದಿರುತ್ತದೆ. ಇದಕ್ಕೆ ನಮ್ಮ ಮನೆಯಲ್ಲೇ ಇರುವ ಪರೀಕ್ಷೆ ಅರಿಸಿನ. ಆರತಿ ತಟ್ಟೆಯಲ್ಲಿ ಅರಿಸಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ ಅಲ್ವಾ? ಸಿಮೆಂಟ್ ಒದ್ದೆಯಾದಾಗಲೂ ಅದೇ ನಡೆಯುತ್ತದೆ. ಎರಡು ಚಮಚ ಅರಿಸಿನವನ್ನು ಸ್ವಲ್ಪ ಸ್ಪಿರಿಟ್‌ನಲ್ಲಿ ಕಲಸಿ, ನೀರು ಸೇರಿಸಿ ಸ್ಪ್ರೇ ಬಾಟಲಿಗೆ ತುಂಬಿಕೊಳ್ಳಿ. ಬೆರೆಸಿದ ಪದರದಲ್ಲಿ ಗುದ್ದಲಿಯಿಂದ ತಳದವರೆಗೆ ನೇರವಾಗಿ ಒಂದು ಸೀಳು ಕಡಿದು, ಆ ಗೋಡೆಗೆ ಹೊಡೆಯಿರಿ. ಮೇಲಿಂದ ಕೆಳಗಿನವರೆಗೆ ಕೆಂಪು ಬಂದರೆ ಸರಿ. ಹಳದಿ ಪಟ್ಟೆಗಳು ಉಳಿದಲ್ಲಿ ಸಿಮೆಂಟ್ ತಲುಪಿಲ್ಲ, ಮತ್ತೆ ಟಿಲ್ಲರ್ ಹೊಡೆಯಿರಿ. ನಾಲ್ಕೈದು ಕಡೆ ಹೀಗೆ ನೋಡಿ. ಅಂಚುಗಳಲ್ಲಿ ತಪ್ಪದೆ ನೋಡಿ, ಟಿಲ್ಲರ್ ಅಲ್ಲಿಗೆ ಸರಿಯಾಗಿ ಹೋಗಿರುವುದಿಲ್ಲ.

## ಹಂತ 8: ನೀರು

ಮರಳು ಮಣ್ಣಿಗೆ ಸಾಮಾನ್ಯವಾಗಿ 9ರಿಂದ 12 ಪರ್ಸೆಂಟ್ ನೀರು ಬೇಕು. ನಿಮ್ಮ ಲ್ಯಾಬ್ ವರದಿ ಇದ್ದರೆ ಅದರ ಅಂಕಿ ಹಿಡಿಯಿರಿ. 10 ಅಂತ ಇಟ್ಟುಕೊಂಡರೆ ಚದರ ಮೀಟರಿಗೆ 27 ಲೀಟರ್. ಮಣ್ಣಲ್ಲಿ ಆಗಲೇ 4 ಪರ್ಸೆಂಟ್, ಅಂದರೆ 11 ಲೀಟರ್ ಇದೆ. ಸೇರಿಸಬೇಕಾದದ್ದು 16 ಲೀಟರ್, ಬಿಸಿಲಿಗೆ ಆರಿ ಹೋಗುವುದಕ್ಕೆ ಮತ್ತೆ ಒಂದೆರಡು ಲೀಟರ್. 9 ಚದರ ಮೀಟರಿಗೆ ಒಂದು ಡ್ರಮ್ ನೀರು ಕೂಡ ಪೂರ್ತಿ ಬೇಡ! ಪೈಪ್ ಹಿಡಿದವರು ಇದರ ಎರಡರಷ್ಟು ಬಿಡುತ್ತಾರೆ. ಹೆಚ್ಚಾದ ನೀರು ಆರಿ ಹೋದಾಗ ಅದರ ಜಾಗ ಖಾಲಿ ಉಳಿಯುತ್ತದೆ, ಬಲ ಅಲ್ಲೇ ಹೋಗುತ್ತದೆ.

ತೂತಿನ ಕ್ಯಾನ್‌ನಿಂದ ಎರಡು ಮೂರು ಸಲವಾಗಿ ಚಿಮುಕಿಸಿ, ಪ್ರತಿ ಸಲವೂ ಬೆರೆಸಿ. ಮೊದಲ ಹನಿ ಬಿದ್ದ ಗಂಟೆಯನ್ನು ಬರೆದಿಡಿ. ಸಿಮೆಂಟ್ ಮಾತ್ರ ಇದ್ದರೂ, ಜೊತೆಗೆ ಬೂದಿ ಇದ್ದರೂ ಎರಡು ಗಂಟೆಯ ಗಡಿ ದಾಟಬೇಡಿ.

ಹದ ನೋಡುವುದು ಹೀಗೆ: ಒಂದು ಹಿಡಿ ಮಿಶ್ರಣವನ್ನು ಬಿಗಿಯಾಗಿ ಅಮುಕಿ ಉಂಡೆ ಮಾಡಿ. ಉಂಡೆ ನಿಲ್ಲಬೇಕು, ಅಂಗೈ ಸ್ವಲ್ಪ ತೇವವಾಗಬೇಕು, ಎರಡು ಕೈಯಿಂದ ಮುರಿದರೆ ಎರಡು ತುಂಡಾಗಬೇಕು. ಪುಡಿಯಾದರೆ ನೀರು ಕಮ್ಮಿ. ಬೆರಳ ಸಂದಿಯಲ್ಲಿ ನೀರು ಬಂದರೆ ಜಾಸ್ತಿ. ಜಾಸ್ತಿಯಾದರೆ ಒಣ ಸಿಮೆಂಟ್ ಎರಚಿ ಸರಿ ಮಾಡಲು ಹೋಗಬೇಡಿ. ಅದೇ ಪ್ರಮಾಣದ ಒಣ ಮಿಶ್ರಣವನ್ನು ಒಂದಿಷ್ಟು ಬದಿಗೆ ಇಟ್ಟುಕೊಂಡಿರಿ, ಅದನ್ನು ಬೆರೆಸಿ.

## ಹಂತ 9: ದಮ್ಮಸು

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಸಡಿಲವಾಗಿ ಉಳಿದ ಮಿಶ್ರಣ ಗಟ್ಟಿಯಾದರೂ ಒಳಗೆ ಪೊಳ್ಳು. ಮಲೆನಾಡಿನ ಮಳೆ ಆ ಪೊಳ್ಳನ್ನು ಹುಡುಕಿಕೊಂಡು ಹೋಗುತ್ತದೆ.

ಬೆರೆಸಿದ್ದನ್ನು ಹಲ್ಲುಹರಿಯಿಂದ ಸಮ ಮಾಡಿ. ನಡು ಎತ್ತರ, ಬದಿ ತಗ್ಗು ಇರಲಿ. 3 ಮೀಟರ್ ಅಗಲಕ್ಕೆ ನಡುವೆ 6 ಸೆಂ.ಮೀ. ಎತ್ತರ ಬೇಕು. ರೋಲರನ್ನು ಅಂಚಿನಿಂದ ಶುರುಮಾಡಿ ನಡುವಿಗೆ ತನ್ನಿ. ಪ್ರತಿ ಸಲ ಹಿಂದಿನ ಪಟ್ಟಿಯ ಅರ್ಧ ಮೇಲೆ ಬರುವಂತೆ ಓಡಿಸಿ. ಮೊದಲೆರಡು ಸಲ ಕಂಪನ ಇಲ್ಲದೆ, ಆಮೇಲೆ ಕಂಪನ ಹಾಕಿ. ರೋಲರ್ ಮುಂದೆ ಮಣ್ಣು ಅಲೆಯಾಗಿ ತಳ್ಳಿಕೊಂಡು ಬಂದರೆ ಒಂದೋ ನೀರು ಜಾಸ್ತಿ, ಇಲ್ಲವೇ ಮರಳು ಒಂದೇ ಗಾತ್ರದ್ದು. ರೋಲರ್‌ಗೆ ಅಂಟಿಕೊಂಡರೂ ನೀರು ಜಾಸ್ತಿ ಎಂದೇ ಅರ್ಥ.

ಪ್ಲೇಟ್ ಕಂಪ್ಯಾಕ್ಟರ್ ಒಂದೇ ಇದ್ದರೆ 15 ಸೆಂ.ಮೀ. ಒಂದೇ ಸಲಕ್ಕೆ ಆಗುವುದಿಲ್ಲ. ಏಳೆಂಟು ಸೆಂ.ಮೀ.ಯ ಎರಡು ಪದರ ಮಾಡಿ. ಕೆಳಗಿನದರ ಮೇಲ್ಮೈಯನ್ನು ಹಲ್ಲುಹರಿಯಿಂದ ಗೀರಿ, ತೇವ ಮಾಡಿ, ಕೂಡಲೇ ಮೇಲಿನದನ್ನು ಹಾಕಿ. ಎರಡೂ ಪದರ ಅದೇ ಎರಡು ಗಂಟೆಯೊಳಗೆ ಮುಗಿಯಬೇಕು. ಕೈ ದಮ್ಮಸಿನಿಂದ ಅಂಚು, ಮೂಲೆ ಮಾತ್ರ ಮಾಡಿ. ಇಡೀ ದಾರಿಗೆ ಅದು ಸಾಲದು.

ಕೂತಿದೆಯಾ ಅಂತ ಅಳೆಯುವುದು. ಹಸಿ ಇರುವಾಗಲೇ ಒಂದು ಸಣ್ಣ ಗುಂಡಿ ತೋಡಿ, ತೆಗೆದ ಮಿಶ್ರಣವನ್ನೆಲ್ಲ ತೂಗಿ. ಗುಂಡಿಗೆ ತೆಳು ಪ್ಲಾಸ್ಟಿಕ್ ಹಾಸಿ ಅಂಚಿನವರೆಗೆ ಅಳೆದ ನೀರು ತುಂಬಿ. 1.5 ಲೀಟರ್ ನೀರು ಹಿಡಿಯಿತು, ಮಿಶ್ರಣ 2.95 ಕೆಜಿ ತೂಗಿತು ಅನ್ನಿ. ಲೀಟರಿಗೆ 1.97 ಕೆಜಿ. ಅದರಲ್ಲಿ 10 ಪರ್ಸೆಂಟ್ ನೀರು ಇದ್ದರೆ 1.1ರಿಂದ ಭಾಗಿಸಿ, ಒಣ ಸಾಂದ್ರತೆ 1.79. ಲ್ಯಾಬ್ ಹೇಳಿದ್ದು 1.8 ಆಗಿದ್ದರೆ ತುಂಬಾ ಚೆನ್ನಾಗಿ ಕೂತಿದೆ. 1.71ಕ್ಕಿಂತ ಕಮ್ಮಿ, ಅಂದರೆ 95 ಪರ್ಸೆಂಟಿಗಿಂತ ಕೆಳಗೆ ಬಂದರೆ ಇನ್ನೂ ಹೊತ್ತಿರುವಾಗಲೇ ಮತ್ತೆ ರೋಲರ್ ಓಡಿಸಿ. ಗುಂಡಿಗೆ ಅದೇ ಮಿಶ್ರಣ ತುಂಬಿ ಗುದ್ದಿ.

ಕೊನೆಗೆ ತಗ್ಗು ಕಂಡರೆ ಮೇಲೆ ತೆಳುವಾಗಿ ಮಿಶ್ರಣ ಹಾಕಿ ತೇಪೆ ಹಚ್ಚಬೇಡಿ. ಆ ತೇಪೆಯೇ ಮೊದಲು ಏಳುವುದು. ಮೊದಲೇ ಒಂದು ಸೆಂ.ಮೀ. ಎತ್ತರ ಬಿಟ್ಟು, ಕೊನೆಗೆ ಪಟ್ಟಿಯಿಂದ ಹೆರೆದು ಮಟ್ಟ ಮಾಡಿ. ಹೆರೆದದ್ದನ್ನು ಎಸೆಯಿರಿ, ಮತ್ತೆ ಬಳಸಬೇಡಿ.

ದಿನದ ಕೊನೆಯಲ್ಲಿ ಅಂಚನ್ನು ನೇರವಾಗಿ ಕಡಿದು ನಿಲ್ಲಿಸಿ. ಮಾರನೇ ದಿನ ಆ ಗೋಡೆಗೆ ನೀರು ಚಿಮುಕಿಸಿ ಮುಂದುವರಿಸಿ. ಇಳಿಜಾರಾಗಿ ಬಿಟ್ಟ ಅಂಚಿನಲ್ಲಿ ಜೋಡಣೆ ಯಾವತ್ತೂ ಕೂಡುವುದಿಲ್ಲ.

## ಹಂತ 10: ಕ್ಯೂರಿಂಗ್

ದಮ್ಮಸು ಮುಗಿದ ಕೂಡಲೇ ಮುಚ್ಚಿ. ಟಾರ್ಪಾಲ್, ಒದ್ದೆ ಗೋಣಿಚೀಲ, ಇಲ್ಲವೇ ದಪ್ಪಗೆ ಅಡಿಕೆ ಸೋಗೆ. ಮೊದಲ ದಿನ ಬರೀ ಚಿಮುಕಿಸುವುದು, ನೀರು ಹರಿಯಬಾರದು. ಎರಡನೇ ದಿನದಿಂದ ದಿನಕ್ಕೆ ಮೂರು ನಾಲ್ಕು ಸಲ. 7 ದಿನ ಮೇಲ್ಮೈ ಒಮ್ಮೆಯೂ ಒಣಗಿ ಬೆಳ್ಳಗಾಗಬಾರದು. ಹಾರುಬೂದಿ, ಜಿಜಿಬಿಎಸ್ ಹಾಕಿದ್ದರೆ 14 ದಿನ.

ಅಷ್ಟು ದಿನ ಗಾಡಿ ಬೇಡ, ದನ ಬೇಡ. ದಾರಿಗೆ ಅಡ್ಡ ಬಿದಿರು ಕಟ್ಟಿಬಿಡಿ. ದನದ ಗೊರಸು ಮೂರನೇ ದಿನ ಮಾಡಿದ ಗುಳಿಯಲ್ಲಿ ಜೂನ್ ತಿಂಗಳಲ್ಲಿ ನೀರು ನಿಲ್ಲುತ್ತದೆ.

ಕ್ಯೂರಿಂಗ್ ನೀರು ಮತ್ತು ಸಾಮಾನು ತೊಳೆದ ನೀರು ಬಾವಿಗೆ, ಹಳ್ಳಕ್ಕೆ, ಅಡಿಕೆ ಬುಡಕ್ಕೆ ಹೋಗದ ಹಾಗೆ ಬದುವು ಹಾಕಿ. ಸಿಮೆಂಟ್ ನೀರಿನ ಕ್ಷಾರ ಮೀನಿಗೂ ಬೇರಿಗೂ ಆಗುವುದಿಲ್ಲ.

## ಹಂತ 11: ಮೇಲ್ಪದರ ಮತ್ತು ನೀರಿನ ದಾರಿ

ಸಿಮೆಂಟ್ ಮಣ್ಣು ಭಾರ ತಡೆಯುತ್ತದೆ, ಉಜ್ಜುವುದನ್ನು ತಡೆಯುವುದಿಲ್ಲ. ಹಾಗೇ ಬಿಟ್ಟರೆ ಚಕ್ರದ ಜಾಡಿನಲ್ಲಿ ಪುಡಿ ಏಳುತ್ತದೆ. ದಾರಿಗೆ 5 ಸೆಂ.ಮೀ. ಗೊಚ್ಚು ಅಥವಾ ಸಣ್ಣ ಜಲ್ಲಿ ಮತ್ತು ಡಸ್ಟ್ ಹಾಕಿ ರೋಲ್ ಮಾಡಿ. ಕಡಿದಾದ ಏರಿನಲ್ಲಿ ಗೊಚ್ಚು ನಿಲ್ಲುವುದಿಲ್ಲ, ಅಲ್ಲಿ ಕಾಂಕ್ರೀಟ್ ಅಥವಾ ಇಂಟರ್‌ಲಾಕ್ ಬೇಕು. ಅಂಗಳಕ್ಕೆ ತೆಳು ಕಾಂಕ್ರೀಟ್ ಸಾಕು. ಟಿಲ್ಲರಿನ ಕಬ್ಬಿಣದ ಕೇಜ್ ವೀಲ್ ಹಾಕಿಕೊಂಡು ಇದರ ಮೇಲೆ ಓಡಿಸಬೇಡಿ.

ದಾರಿಯ ಎರಡೂ ಬದಿಗೆ, ಧರೆ ಇರುವ ಕಡೆಯಂತೂ ಖಂಡಿತ, ಕಾಲುವೆ ತೆಗೆಯಿರಿ. ಕಾಲುವೆಯ ತಳ ಗಟ್ಟಿ ಮಾಡಿದ ಪದರದ ತಳಕ್ಕಿಂತ ಕೆಳಗೆ ಇರಬೇಕು. ಪದರದ ಅಂಚಿನ ಕೆಳಗಿಂದ ನೀರು ನುಗ್ಗಿ ಮರಳು ಹೊರಗೆ ಹೋದರೆ ಮೇಲಿನದು ಚಪ್ಪಡಿಯಾಗಿ ಮುರಿಯುತ್ತದೆ.

## ಹಂತ 12: ಮೊದಲ ಮಳೆಗಾಲದಲ್ಲಿ ನೋಡಬೇಕಾದದ್ದು

ಕೆಲವು ಮೀಟರಿಗೊಂದು ಅಡ್ಡ ಕೂದಲು ಬಿರುಕು ಬಂದರೆ ಗಾಬರಿ ಬೇಡ, ಸಿಮೆಂಟ್ ಮಣ್ಣು ಒಣಗುವಾಗ ಹಾಗೆ ಬರುವುದು ಸಹಜ. ಗೇಣಿಗೊಂದು ಬಿರುಕು ಬಿಟ್ಟು ಜಾಲವಾದರೆ ಒಂದೋ ಸಿಮೆಂಟ್ ಜಾಸ್ತಿಯಾಗಿದೆ, ಇಲ್ಲವೇ ಕ್ಯೂರಿಂಗ್ ಕಮ್ಮಿಯಾಗಿದೆ. ಅಗಲದ ಬಿರುಕುಗಳಿಗೆ ಸಿಮೆಂಟ್ ಹಾಲು ಸುರಿದು ಮುಚ್ಚಿ.

ಗಾಡಿ ಹೋದಾಗ ಬಿರುಕಿನಿಂದ ಕೆಸರು ನೀರು ಚಿಮ್ಮಿದರೆ ತಳದಲ್ಲಿ ನೀರು ನಿಂತಿದೆ ಅಂತ ಅರ್ಥ. ಆ ಜಾಗದಲ್ಲಿ ಭಾರದ ಗಾಡಿ ಓಡಿಸುವುದನ್ನು ನಿಲ್ಲಿಸಿ, ಮೊದಲು ಕಾಲುವೆ ಆಳ ಮಾಡಿ. ಹಾರೆಯಿಂದ ತಟ್ಟಿದರೆ ಡಬ್ ಡಬ್ ಅಂತ ಟೊಳ್ಳು ಸದ್ದು ಬಂದಲ್ಲಿ ಪದರ ಬಿಟ್ಟಿದೆ.

ರಿಪೇರಿಗೆ ಮಳೆ ಮುಗಿದು ನೆಲ ಒಣಗುವವರೆಗೆ ಕಾಯಿರಿ. ಅಲ್ಲಿಯವರೆಗೆ ಹೊಂಡಕ್ಕೆ ಜಲ್ಲಿ ತುಂಬಿ ದಾರಿ ನಡೆಸಿಕೊಳ್ಳಿ. ಆಮೇಲೆ ಕೆಟ್ಟ ಜಾಗವನ್ನು ಚೌಕವಾಗಿ, ಪೂರ್ತಿ ದಪ್ಪಕ್ಕೆ ಕಡಿದು ತೆಗೆಯಿರಿ. ತಳ ಗುದ್ದಿ, ಬದಿಗಳಿಗೆ ನೀರು ಚಿಮುಕಿಸಿ, ಹೊಸ ಮಿಶ್ರಣವನ್ನು ಎರಡು ಪದರವಾಗಿ ತುಂಬಿ ಪ್ಲೇಟ್ ಕಂಪ್ಯಾಕ್ಟರ್ ಓಡಿಸಿ, ಒದ್ದೆ ಗೋಣಿಚೀಲ ಮುಚ್ಚಿ ಏಳು ದಿನ ಬಿಡಿ.